ಸಾವಿನ ಭಯಕ್ಕೆ ಅಣಬೆಯ ಮದ್ದು

ಕ್ಯಾನ್ಸರ್ ಎಂಬ ಮಾತು ವೈದ್ಯರ ಬಾಯಿಂದ ಬಿದ್ದ ದಿನ ಎಷ್ಟೋ ರೋಗಿಗಳಿಗೆ ಎರಡು ಕಾಯಿಲೆ ಶುರುವಾಗುತ್ತವೆ. ಒಂದು ದೇಹದ್ದು, ಇನ್ನೊಂದು ಮನಸ್ಸಿನದು. ಗೆಡ್ಡೆಯನ್ನು ಕತ್ತರಿಸಬಹುದು, ವಿಕಿರಣದಿಂದ ಸುಡಬಹುದು. ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುವ ಸಾವಿನ ಭಯವನ್ನು ಏನು ಮಾಡುವುದು? ಈ ಎರಡನೆಯ ಕಾಯಿಲೆಗೆ ಮದ್ದು ಹುಡುಕುತ್ತ ಹೊರಟ ಅಮೆರಿಕದ ಕೆಲವು ಸಂಶೋಧಕರು ಒಂದು ಅಣಬೆಯ ಬಳಿಗೆ ಬಂದು ನಿಂತರು.

2016ರ ಡಿಸೆಂಬರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಎರಡು ಪ್ರಯೋಗಗಳು ಒಟ್ಟಿಗೇ ಪ್ರಕಟವಾದವು. ಮೊದಲನೆಯದರಲ್ಲಿ 51, ಎರಡನೆಯದರಲ್ಲಿ 29 ರೋಗಿಗಳಿದ್ದರು. ಅವರಿಗೆ ಕೊಟ್ಟದ್ದು ಸಿಲೋಸಿಬಿನ್; ಕೆಲವು ಜಾತಿಯ ಅಣಬೆಗಳಲ್ಲಿರುವ ಭ್ರಾಂತಿಜನಕ ವಸ್ತು. ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸಂಗೀತ ಕೇಳುತ್ತ ಹಲವು ಗಂಟೆ ಮಲಗಿರಬೇಕು. ಪಕ್ಕದಲ್ಲಿ ತರಬೇತಾದವರು ಕಾವಲಿರುತ್ತಾರೆ. ಆರು ತಿಂಗಳ ಬಳಿಕವೂ ಹಾಪ್ಕಿನ್ಸ್ ರೋಗಿಗಳಲ್ಲಿ ಸುಮಾರು ಶೇ. 80 ಮಂದಿಯ ಖಿನ್ನತೆ, ಆತಂಕ ಗಣನೀಯವಾಗಿ ತಗ್ಗಿದ್ದವು.

ಇಂಥ ಮದ್ದಿಗೆ ತಕರಾರೇಕೆ? ಉತ್ತರಕ್ಕೆ ಹಳೆಯ ಕಡತ ಬಿಚ್ಚಬೇಕು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1943ರಲ್ಲಿ ಎಲ್‌ಎಸ್‌ಡಿಯ ಪ್ರಭಾವವನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡ. 1958ರಲ್ಲಿ ಅಣಬೆಯಿಂದ ಸಿಲೋಸಿಬಿನ್ ಅನ್ನು ಬೇರ್ಪಡಿಸಿದವನೂ ಅವನೇ. ಆ ದಶಕದಲ್ಲಿಯೇ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ವ್ಯಸನಿ ಕೈದಿಗಳ ಮೇಲೆ ಎಲ್‌ಎಸ್‌ಡಿ ಪ್ರಯೋಗ ನಡೆಯಿತು. ಕೆಲವರಿಗೆ ಸತತ 77 ದಿನ ಅದನ್ನು ಕೊಟ್ಟರು. ಪ್ರಯೋಗಕ್ಕೆ ಒಪ್ಪಿದವರಿಗೆ ಸಿಗುತ್ತಿದ್ದ ಬಹುಮಾನ, ಅವರು ಯಾವುದಕ್ಕೆ ದಾಸರಾಗಿದ್ದರೋ ಅದೇ ಮಾದಕ ವಸ್ತು! ಕಾಗದದ ಮೇಲೆ ಅದೂ ಒಪ್ಪಿಗೆಯೇ. 1970ರ ಅಮೆರಿಕದ ಕಾನೂನು, 1971ರ ವಿಶ್ವಸಂಸ್ಥೆಯ ಒಪ್ಪಂದ ಬಂದ ಮೇಲೆ ಸಂಶೋಧನೆ ಬಹುಮಟ್ಟಿಗೆ ನಿಂತುಹೋಯಿತು.

ಇಂದಿನ ಪ್ರಯೋಗಗಳಲ್ಲಿ ಒಪ್ಪಿಗೆ ಪತ್ರ ಕಟ್ಟುನಿಟ್ಟಾಗಿದೆ. ಆದರೂ ತೊಡಕು ಮುಗಿದಿಲ್ಲ. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವನಿಗೆ ಎಲ್ಲಿ ಕೊಯ್ಯುತ್ತಾರೆಂದು ಹೇಳಬಹುದು. ದೇವರು, ಸಾವು, ತನ್ನ ಬದುಕು ಇವುಗಳ ಬಗೆಗಿನ ನಂಬಿಕೆಯೇ ಬದಲಾಗಬಹುದು ಎಂದರೆ ರೋಗಿ ಅದನ್ನು ಮುಂಚಿತವಾಗಿ ಅರಿಯುವುದು ಹೇಗೆ? ಅನುಭವ ಆರಂಭವಾದ ಮೇಲೆ 'ಸಾಕು, ನಿಲ್ಲಿಸಿ' ಎನ್ನುವ ದಾರಿಯೂ ಸುಲಭವಿಲ್ಲ.

ಎರಡನೆಯ ತೊಡಕು ಪಕ್ಕದಲ್ಲಿ ಕುಳಿತವರದು. ಭಯದಿಂದ ನಡುಗುವ ರೋಗಿಯ ಕೈ ಹಿಡಿಯುವುದು ಕರುಣೆ. ಆದರೆ ಬೇಡವೆನ್ನುವ ಶಕ್ತಿಯೇ ಕುಂದಿರುವಾಗ ಸ್ಪರ್ಶ ಎಲ್ಲಿಯವರೆಗೆ? ಕೆನಡಾದ ವ್ಯಾಂಕೂವರ್‌ನಲ್ಲಿ 2015ರಲ್ಲಿ, ಆಘಾತದಿಂದ ನೊಂದವರಿಗೆ ಎಂಡಿಎಂಎ ಎಂಬ ಇನ್ನೊಂದು ಮದ್ದು ಕೊಡುವ ಪ್ರಯೋಗದಲ್ಲಿ ಚಿಕಿತ್ಸಕರು ಈ ಗೆರೆಯನ್ನು ದಾಟಿದ್ದು ವಿಡಿಯೋದಲ್ಲಿಯೇ ದಾಖಲಾಯಿತು. ಅದಕ್ಕೆ ಸಂಬಂಧಿಸಿದ ನೀತಿಭಂಗದ ಕಾರಣ 2024ರಲ್ಲಿ ಮೂರು ಸಂಶೋಧನಾ ಲೇಖನಗಳನ್ನು ಪತ್ರಿಕೆಯೊಂದು ಹಿಂತೆಗೆದುಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ನಿರಾಕರಿಸಿತು.

ಮೂರನೆಯದು ಪುರಾವೆಯ ಪ್ರಶ್ನೆ. ಸಾಮಾನ್ಯ ಔಷಧದ ಪರೀಕ್ಷೆಯಲ್ಲಿ ನಿಜವಾದ ಗುಳಿಗೆ ಯಾರಿಗೆ, ಹುಸಿ ಗುಳಿಗೆ ಯಾರಿಗೆ ಎಂಬುದು ಗುಟ್ಟಾಗಿರುತ್ತದೆ. ಇಲ್ಲಿ ಗೋಡೆಯೇ ಉಸಿರಾಡುವಂತೆ ಕಂಡವನಿಗೆ ಗುಟ್ಟು ಉಳಿಯುವುದಿಲ್ಲ. ಗುಣವಾದದ್ದು ಮದ್ದಿನಿಂದಲೋ, ದೊಡ್ಡ ನಿರೀಕ್ಷೆಯಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ.

ಹಾಗಾದರೆ ಕಾಯೋಣವೆ? ಸಾಯುತ್ತಿರುವವನ ಬಳಿ ಇಲ್ಲದಿರುವುದು ಕಾಲವೇ. ಈ ವಾದಕ್ಕೆ ಮಣಿದು ಕೆನಡಾ 2020ರಲ್ಲಿ ಕೊನೆಯ ಹಂತದ ನಾಲ್ವರು ರೋಗಿಗಳಿಗೆ ಸಿಲೋಸಿಬಿನ್ ಬಳಸಲು ಅನುಮತಿ ಕೊಟ್ಟಿತು. ಆಸ್ಟ್ರೇಲಿಯಾ 2023ರ ಜುಲೈನಿಂದ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅದನ್ನು ಬರೆದುಕೊಡಲು ಅಧಿಕೃತ ಮನೋವೈದ್ಯರಿಗೆ ಅವಕಾಶ ನೀಡಿದೆ. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿ, ಸಿಲೋಸಿಬಿನ್ ಎರಡೂ ಇವೆ. ಹತಾಶನಾದವನಿಗೆ ಬಾಗಿಲು ಮುಚ್ಚುವುದು ಕ್ರೌರ್ಯವಾಗಬಹುದು. ಆದರೆ ಹತಾಶನೇ ಎಲ್ಲರಿಗಿಂತ ಬೇಗ ಮೋಸಹೋಗುವವನು ಎಂಬುದೂ ಅಷ್ಟೇ ನಿಜ.

ಕಡತದಲ್ಲಿ ಇನ್ನೊಂದು ಸಾಲವೂ ಬಾಕಿ ಇದೆ. ಮೆಕ್ಸಿಕೋದ ಹುವಾಟ್ಲಾ ಊರಿನ ಮಾಸಾಟೆಕ್ ಜನಾಂಗದ ಮಾರಿಯಾ ಸಬೀನಾ ಎಂಬಾಕೆ ರೋಗಿಗಳಿಗಾಗಿ ರಾತ್ರಿಯಿಡೀ ಅಣಬೆಯ ಆಚರಣೆ ನಡೆಸುತ್ತಿದ್ದಳು. 1955ರಲ್ಲಿ ಅದರಲ್ಲಿ ಪಾಲ್ಗೊಂಡ ಅಮೆರಿಕದ ಗಾರ್ಡನ್ ವ್ಯಾಸನ್ 1957ರಲ್ಲಿ 'ಲೈಫ್' ಪತ್ರಿಕೆಗೆ ಬರೆದ. ಅವಳ ಹೆಸರನ್ನು ಮರೆಮಾಚಿದರೂ ಪ್ರವಾಸಿಗಳು ಊರಿಗೆ ನುಗ್ಗಿದರು. ಮತ್ತಿನ ಹುಚ್ಚಿಗೆ ಬಂದವರು ಅವರಲ್ಲಿ ಬಹಳ. ಊರವರ ಕೋಪ ಅವಳ ಮೇಲೆ ತಿರುಗಿ, ಮನೆ ಸುಟ್ಟುಹೋಯಿತು. 1985ರಲ್ಲಿ ಅವಳು ಬಡತನದಲ್ಲಿಯೇ ತೀರಿಕೊಂಡಳು.

ಆಸ್ಪತ್ರೆಗೆ ಬಂದ ಅಣಬೆಯ ತಿರುಳು ಈಗ ಮಿಲಿಗ್ರಾಂ ಲೆಕ್ಕದ ಗುಳಿಗೆ. ಅದನ್ನು ನುಂಗುವ ರೋಗಿಯ ಪಕ್ಕದಲ್ಲಿ ಬೆಳಗಿನವರೆಗೆ ಕೂರುವ ತಾಳ್ಮೆಯನ್ನು, ಅವನ ದುರ್ಬಲತೆಯ ಲಾಭ ಪಡೆಯದ ನಿಷ್ಠೆಯನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಕಾನೂನು ಬಾಗಿಲು ತೆರೆಯುವ ಮುನ್ನ ಆ ಎರಡು ಇವೆಯೇ ಎಂದು ನೋಡಿಕೊಳ್ಳಬೇಕಾಗಿದೆ.