ತೆಂಗಿನ ಸೀಮೆಯಲ್ಲಿ ಮನೆಯ ಕೈತೋಟ: ಪ್ರಯೋಜನಗಳು ಹಾಗೂ ಬೆಳೆಸುವ ಕ್ರಮ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ತೆಂಗು ಪ್ರಧಾನ ತೋಟಗಾರಿಕೆ ಬೆಳೆಯಾಗಿದ್ದು, ಬಹುಪಾಲು ರೈತ ಕುಟುಂಬಗಳು ಉಂಡೆ ಕೊಬ್ಬರಿಯ ವರಮಾನವನ್ನು ಅವಲಂಬಿಸಿರುತ್ತವೆ. ಆದರೆ ನೂರಾರು ತೆಂಗಿನ ಮರಗಳಿರುವ ಮನೆಗಳಲ್ಲಿಯೂ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವು ಮುಂತಾದವುಗಳನ್ನು ವಾರದ ಸಂತೆಯಿಂದ ಕೊಂಡು ತರುವುದು ಸಾಮಾನ್ಯವಾಗಿದೆ. ಮನೆಯ ಹಿತ್ತಲಿನಲ್ಲಿಯೇ ಇವುಗಳನ್ನು ಬೆಳೆಯುವುದರಿಂದ ಆಗುವ ಪ್ರಯೋಜನಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕೈತೋಟದ ಅವಶ್ಯಕತೆ

ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಹಿತ ಅಟ್ಟಕ್ಕೆ ಏರಿಸಿದ ನಂತರ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಸುಮಾರು 8ರಿಂದ 12 ತಿಂಗಳು ಬೇಕಾಗುತ್ತದೆ. ಹೀಗಾಗಿ ವರಮಾನವು ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಕೈಸೇರುತ್ತದೆ. ಅಡುಗೆಮನೆಯ ಖರ್ಚಾದರೋ ವಾರ ವಾರವೂ ಇರುತ್ತದೆ. ಕೊಬ್ಬರಿ ಕಾಯಬಹುದು, ಹೊಟ್ಟೆ ಕಾಯದು. ಈ ಅಂತರವನ್ನು ತುಂಬಲು ಕೆಲವು ಕುಟುಂಬಗಳು ಅಟ್ಟಕ್ಕೆ ಏರಬೇಕಾದ ಕಾಯಿಯನ್ನು ಹಸಿಯಾಗಿಯೇ ಮಾರುವ ಅಥವಾ ಕೈಸಾಲ ಪಡೆಯುವ ಪರಿಸ್ಥಿತಿ ಉಂಟಾಗುತ್ತದೆ.

ಧಾರಣೆಯೂ ಸ್ಥಿರವಾಗಿರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ ರೂ. 11,750 ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. 2025ರಲ್ಲಿ ಬೆಂಬಲ ಬೆಲೆ ರೂ. 12,100 ಇದ್ದಾಗ ಧಾರಣೆ ಅದನ್ನು ಬಹುವಾಗಿ ಮೀರಿತು. ಮಾರುಕಟ್ಟೆಯ ಧಾರಣೆ ಬೆಳೆಗಾರರ ಕೈಯಲ್ಲಿಲ್ಲ. ಮನೆಯ ತರಕಾರಿ ಖರ್ಚು ಬಹುಮಟ್ಟಿಗೆ ಅವರ ಕೈಯಲ್ಲಿದೆ.

2. ಉಳಿತಾಯದ ಲೆಕ್ಕ

ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರ ಊಟದಲ್ಲಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಮತ್ತು ಸೊಪ್ಪು ಇರಬೇಕು. ಇದರ ಆಧಾರದ ಮೇಲೆ ನಾಲ್ಕು ಜನರ ಕುಟುಂಬದ ಲೆಕ್ಕ ಈ ಕೆಳಕಂಡಂತಿದೆ:

- ದಿನದ ಅಗತ್ಯ: 1.6 ಕಿ.ಗ್ರಾಂ
- ತಿಂಗಳ ಅಗತ್ಯ: 48 ಕಿ.ಗ್ರಾಂ
- ಇದರಲ್ಲಿ ಅರ್ಧ ಭಾಗ ಕೈತೋಟದಿಂದ ದೊರೆತಲ್ಲಿ: 24 ಕಿ.ಗ್ರಾಂ
- ಕಿ.ಗ್ರಾಂಗೆ ಸರಾಸರಿ ರೂ. 40 ಎಂದು ಭಾವಿಸಿದಲ್ಲಿ ತಿಂಗಳ ಉಳಿತಾಯ: ರೂ. 960
- ವರ್ಷದ ಉಳಿತಾಯ: ರೂ. 11,520

ದರಗಳು ಋತುಮಾನಕ್ಕೆ ತಕ್ಕಂತೆ ಬದಲಾಗುವುದರಿಂದ ಇದು ಉದಾಹರಣೆ ಮಾತ್ರ. ಆದಾಗ್ಯೂ ಈ ಮೊತ್ತವು 2025ರ ಬೆಂಬಲ ಬೆಲೆಯಲ್ಲಿ ಹೆಚ್ಚು ಕಡಿಮೆ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿಯ ಮೌಲ್ಯಕ್ಕೆ ಸಮನಾಗಿರುವುದನ್ನು ಗಮನಿಸಬಹುದಾಗಿದೆ. ಕೊಳ್ಳದೆ ಉಳಿದ ಹಣವೂ ವರಮಾನವೇ ಆಗಿರುತ್ತದೆ.

3. ಸ್ಥಳದ ಆಯ್ಕೆ

ಮೇಲಿನ ಅರ್ಧ ಭಾಗದ ಅಗತ್ಯಕ್ಕೆ ಸುಮಾರು ಒಂದು ಗುಂಟೆ ಸ್ಥಳ ಸಾಕಾಗುತ್ತದೆ. ತರಕಾರಿಗಳಿಗೆ ದಿನಕ್ಕೆ ಕನಿಷ್ಠ 5ರಿಂದ 6 ಗಂಟೆಗಳ ಬಿಸಿಲು ಬೇಕಾಗಿರುವುದರಿಂದ ಮನೆಯ ಸಮೀಪದ ಬಯಲು ಜಾಗವನ್ನು ಆರಿಸಿಕೊಳ್ಳುವುದು ಸೂಕ್ತ. ಬೇರೆ ಸ್ಥಳವಿಲ್ಲದಿದ್ದಲ್ಲಿ ತೆಂಗಿನ ಸಾಲುಗಳ ನಡುವೆಯೂ ಬೆಳೆಯಬಹುದು. ಸುಮಾರು 8ರಿಂದ 25 ವರ್ಷದ ಮರಗಳ ಕೆಳಗೆ ನೆರಳು ದಟ್ಟವಾಗಿರುತ್ತದೆ. ಅಲ್ಲಿ ಕೆಸವು, ಅರಿಶಿನ, ಶುಂಠಿ, ಸುವರ್ಣಗೆಡ್ಡೆಗಳು ಒಗ್ಗುತ್ತವೆ. ಅದಕ್ಕಿಂತ ಹಳೆಯ ತೋಟಗಳಲ್ಲಿ ಬಿಸಿಲು ಹೆಚ್ಚು ಇಳಿಯುತ್ತದೆ. ತೆಂಗಿನ ಬೇರುಗಳು ಬುಡದಿಂದ 2 ಮೀಟರ್ ಒಳಗೆ ಹೆಚ್ಚಾಗಿರುವುದರಿಂದ ಆ ಭಾಗದಲ್ಲಿ ಆಳವಾಗಿ ಅಗೆಯಬಾರದು.

4. ಬೆಳೆಗಳ ಆಯ್ಕೆ

ಅ) ದಂಟು, ಮೆಂತ್ಯ, ಪಾಲಕ್ ಸೊಪ್ಪುಗಳು ಸುಮಾರು 25ರಿಂದ 35 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಇಡೀ ಮಡಿಗೆ ಒಮ್ಮೆಗೇ ಬಿತ್ತದೆ 15 ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತಿದಲ್ಲಿ ವರ್ಷವಿಡೀ ಸೊಪ್ಪು ದೊರೆಯುತ್ತದೆ.

ಆ) ಬೆಂಡೆ, ಬದನೆ, ಟೊಮೆಟೊ, ಮೆಣಸಿನ ಗಿಡಗಳನ್ನು ಮಡಿಗಳಲ್ಲಿಯೂ, ಹೀರೆ, ಸೋರೆ, ಪಡವಲ, ಚಪ್ಪರದವರೆ ಬಳ್ಳಿಗಳನ್ನು ಮುಂಗಾರಿನ ಆರಂಭದಲ್ಲಿ ಬೇಲಿಗೆ ಅಥವಾ ಚಪ್ಪರಕ್ಕೆ ಹಬ್ಬಿಸಿಯೂ ಬೆಳೆಯಬಹುದು.

ಇ) ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿ ಗಿಡಗಳನ್ನು ತರಕಾರಿ ಮಡಿಗಳ ಮೇಲೆ ನೆರಳು ಬೀಳದಂತೆ ಉತ್ತರದ ಅಂಚಿನಲ್ಲಿ ನೆಡಬೇಕು. ನುಗ್ಗೆ ಸೊಪ್ಪಿನಲ್ಲಿ ಸುಣ್ಣದ ಅಂಶ ಮತ್ತು ಎ ಜೀವಸತ್ವದ ಮೂಲವಾದ ಕೆರೋಟಿನ್ ಹೇರಳವಾಗಿವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ಬಾಗಿಲಲ್ಲಿಯೇ ಇರುವ ಇಂತಹ ಆಹಾರವನ್ನು ಉಪೇಕ್ಷಿಸುವುದು ಸರಿಯಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಅರ್ಕಾ ಅನಾಮಿಕ (ಬೆಂಡೆ), ಅರ್ಕಾ ಸುಗುಣ (ದಂಟು), ಅರ್ಕಾ ಸುಮೀತ್ (ಹೀರೆ) ಮುಂತಾದ ತಳಿಗಳ ಬೀಜವನ್ನು ರೈತರು ತಾವೇ ಉಳಿಸಿಕೊಂಡು ಮತ್ತೆ ಬಿತ್ತಬಹುದಾಗಿದೆ.

5. ನೀರು ಮತ್ತು ಗೊಬ್ಬರ

ಕೊಳವೆ ಬಾವಿಗಳ ನೀರು ಕಡಿಮೆಯಾಗುತ್ತಿರುವ ಊರುಗಳಲ್ಲಿ ಬಚ್ಚಲ ನೀರನ್ನು ಮರಳಿನ ಗುಂಡಿಯ ಮೂಲಕ ಹಾಯಿಸಿ ಬಾಳೆ, ಪಪ್ಪಾಯಿ, ನುಗ್ಗೆ ಗಿಡಗಳಿಗೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಈ ನೀರನ್ನು ಬಳಸಬಾರದು. ತೆಂಗಿನ ಗರಿ ಮತ್ತು ಸಿಪ್ಪೆಯನ್ನು ಗಿಡಗಳ ಸುತ್ತ ಹೊದಿಸಿದಲ್ಲಿ ತೇವಾಂಶ ಉಳಿಯುತ್ತದೆ. ತೆಂಗಿನ ನಾರಿನ ಪುಡಿಯನ್ನು ಹಸಿಯಾಗಿ ಹಾಕದೆ, ಸಗಣಿ ಗೊಬ್ಬರದೊಡನೆ ಚೆನ್ನಾಗಿ ಕಳಿಸಿ ಬಳಸಬೇಕು.

6. ಎಚ್ಚರಿಕೆ

ತೆಂಗಿನ ಕಪ್ಪು ತಲೆ ಹುಳು ಅಥವಾ ನುಸಿ ಹತೋಟಿಗೆ ತಂದ ಕೀಟನಾಶಕಗಳನ್ನು ಕೈತೋಟದ ತರಕಾರಿಗಳಿಗೆ ಯಾವುದೇ ಕಾರಣಕ್ಕೂ ಸಿಂಪಡಿಸಬಾರದು. ಖಾಲಿ ಡಬ್ಬಗಳಲ್ಲಿ ಗಿಡ ಬೆಳೆಸುವುದಾಗಲಿ, ನೀರು ತುಂಬಿಡುವುದಾಗಲಿ ಅಪಾಯಕಾರಿ. ಮನೆಯ ಮಕ್ಕಳು ಕೈಯಾರೆ ಕಿತ್ತು ತಿನ್ನುವ ಜಾಗ ಇದಾಗಿರುತ್ತದೆ ಎಂಬುದನ್ನು ಮರೆಯಬಾರದು.

7. ಅರ್ಜಿ ಹಾಗೂ ಸಂಪರ್ಕ

ಸ್ವಂತ ಹಿತ್ತಲಿನಲ್ಲಿ ಕೈತೋಟ ಬೆಳೆಸಲು ಇಲಾಖೆಯ ಅನುಮತಿಯಾಗಲಿ, ಅರ್ಜಿಯಾಗಲಿ ಬೇಕಾಗಿರುವುದಿಲ್ಲ. ಸಹಾಯಧನದ ಯೋಜನೆಗಳು ಆಯಾ ವರ್ಷದ ಮಾರ್ಗಸೂಚಿ ಮತ್ತು ಅನುದಾನಕ್ಕೆ ಒಳಪಟ್ಟಿರುತ್ತವೆ. ಅವುಗಳಿಗಾಗಿ ಕಾಯದೆ ಕೈತೋಟವನ್ನು ಆರಂಭಿಸುವುದು ಒಳಿತು. ಯೋಜನೆ ಹಾಗೂ ಸಸಿಗಳ ಲಭ್ಯತೆಯ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ, ತಾಂತ್ರಿಕ ಸಲಹೆಗಾಗಿ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದಾಗಿದೆ. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾಹಿತಿ ಪಡೆಯಬಹುದು.

ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.