ಮೈ ಕಛೇರಿಯಲ್ಲಿ, ಮನಸ್ಸು ಮತ್ತೆಲ್ಲೋ!

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಕಡೆಯವರಿಗೆ ಆಲೆಮನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅದರ ಮುಂದೆ ನಿಂತವನ ಕಣ್ಣು, ಕೈ, ಮನಸ್ಸು ಮೂರೂ ಅಲ್ಲಿಯೇ ಇರಬೇಕು. ಪಾಕದ ಹದ ತುಸು ಮೀರಿದರೆ ಸೀದುಹೋಗುತ್ತದೆ. ಹದಕ್ಕೆ ಮೊದಲೇ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗದು. ಮಾಡುವವನ ಮನಸ್ಸು ಬೇರೆಡೆಗೆ ಹೋಗಿತ್ತೆಂಬುದನ್ನು ಅಂದಿನ ಬೆಲ್ಲ ಅಂದೇ ಸಾರಿಬಿಡುತ್ತದೆ.

ಕಛೇರಿಯ ಕೆಲಸಕ್ಕೆ ಈ ಗುಣವಿಲ್ಲ. ಅದೇ ಸೀಮೆಯಿಂದ ಮಂಡ್ಯಕ್ಕೆ ಬಂದು, ಬೆಳಗಿನ ರೈಲು ಹಿಡಿದು, ಬೆಂಗಳೂರಿನ ಕಛೇರಿಗೆ ಹೋಗಿ, ರಾತ್ರಿ ಮನೆ ಸೇರುವ ತರುಣನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಹೊತ್ತಿಗೆ ಸರಿಯಾಗಿ ಹಾಜರಾಗುತ್ತಾನೆ, ಹೇಳಿದಷ್ಟನ್ನು ಮಾಡುತ್ತಾನೆ. ಆದರೆ ತಪ್ಪು ಕಣ್ಣಿಗೆ ಬಿದ್ದರೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ಹೊಸದನ್ನು ಕಲಿಯುವ ಆಸೆ ಬತ್ತಿದೆ. ಸಂಬಳ ಮಾತ್ರ ತಿಂಗಳು ತಿಂಗಳಿಗೂ ತಪ್ಪದೆ ಬರುತ್ತದೆ. ಮಗ ಒಳ್ಳೆಯ ನೌಕರಿಯಲ್ಲಿದ್ದಾನೆಂದು ಮನೆಯವರು ನೆಮ್ಮದಿಯಿಂದಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ಹೊಲದಲ್ಲಿ ಹುಟ್ಟಿದ್ದು. ಕೈ ಕೆಸರಾಗದಿದ್ದರೂ ಕೆಲಕಾಲ ಮೊಸರು ದೊರೆಯುವ ವಿಚಿತ್ರ ತಾಣ ನೌಕರಿ. ಅಪಾಯವಿರುವುದೂ ಅಲ್ಲಿಯೇ.

ಇದು ಒಬ್ಬನ ಕಥೆಯಲ್ಲ

ಲೋಕದ ನಾನಾ ದೇಶಗಳ ನೌಕರರನ್ನು ವರ್ಷವರ್ಷವೂ ಪ್ರಶ್ನಿಸಿ ಲೆಕ್ಕವಿಡುವ ಗ್ಯಾಲಪ್ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ, 2024ರಲ್ಲಿ ಕೆಲಸದಲ್ಲಿ ಮನಸ್ಸಿಟ್ಟವರು ನೂರಕ್ಕೆ 21 ಮಂದಿ ಮಾತ್ರ. ಹಿಂದಿನ ವರ್ಷ ಈ ಸಂಖ್ಯೆ 23 ಆಗಿತ್ತು. ಇನ್ನೊಬ್ಬರಿಂದ ಕೆಲಸ ತೆಗೆಯಬೇಕಾದ ಮೇಲ್ವಿಚಾರಕರಲ್ಲಿಯೂ ಅದು 30ರಿಂದ 27ಕ್ಕೆ ಇಳಿದಿತ್ತು. ದೀಪ ಹಿಡಿಯಬೇಕಾದವನಿಗೇ ಕಣ್ಣು ಮಂಜಾದರೆ ಹಿಂದೆ ಬರುವವರ ಪಾಡೇನು?

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಗೊತ್ತಾದ ಹೊತ್ತಿಗೆ ಕೆಲಸ ಮುಗಿಸಿ ಹೆಂಡತಿ ಮಕ್ಕಳ ಬಳಿಗೆ ಹೊರಡುವವನು ನಿರಾಸಕ್ತನಲ್ಲ. ಕೂಲಿಯಿಲ್ಲದ ದುಡಿಮೆಗೆ ಒಲ್ಲೆನೆನ್ನುವುದು ದೋಷವೂ ಅಲ್ಲ. ಕೆಲಸದ ಹೊತ್ತಿನಲ್ಲಿಯೇ ಮನಸ್ಸು ಎದ್ದುಹೋಗಿರುವುದು ಬೇರೆಯೇ ವ್ಯಾಧಿ.

ಮನಸ್ಸು ಹಿಂದೆಗೆಯುವುದೇಕೆ?

ಸೋಮಾರಿತನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. 1990ರಲ್ಲಿ ಅಮೆರಿಕದ ವಿದ್ವಾಂಸ ವಿಲಿಯಂ ಕಾನ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಮಕ್ಕಳ ಬೇಸಿಗೆ ಶಿಬಿರವೊಂದರ ಮಾರ್ಗದರ್ಶಕರನ್ನೂ, ಕಟ್ಟಡಗಳ ನಕ್ಷೆ ರಚಿಸುವ ಸಂಸ್ಥೆಯೊಂದರ ನೌಕರರನ್ನೂ ಅವರು ಅಭ್ಯಸಿಸಿದರು. ಮನುಷ್ಯ ಕೆಲಸದಲ್ಲಿ ತನ್ನನ್ನು ತೊಡಗಿಸಿಕೊಳ್ಳುವ ಮುನ್ನ ಒಳಗೊಳಗೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆಂಬುದು ಅವರು ಕಂಡುಕೊಂಡ ಸಂಗತಿ. ಈ ಕೆಲಸಕ್ಕೆ ಅರ್ಥವಿದೆಯೆ? ಮನಸ್ಸು ಬಿಚ್ಚಿ ನಡೆದುಕೊಂಡರೆ ತನಗೆ ಕೇಡಾಗದೆ? ಅದಕ್ಕೆ ಬೇಕಾದ ತ್ರಾಣ ತನ್ನಲ್ಲಿ ಉಳಿದಿದೆಯೆ? ಸಲಹೆ ಕೊಟ್ಟವನನ್ನು ನಾಲ್ವರೆದುರು ಹಂಗಿಸುವ ಅಧಿಕಾರಿಯೂ, ನಿತ್ಯದ ದೂರದ ಪ್ರಯಾಣವೂ ಈ ಪ್ರಶ್ನೆಗಳಿಗೆ ಇಲ್ಲವೆಂಬ ಉತ್ತರವನ್ನೇ ಬರೆಯಿಸುತ್ತವೆ.

ನಷ್ಟ ಯಾರಿಗೆ?

ಕಾರಣ ಯಾರದೇ ಆಗಲಿ, ಹೆಚ್ಚಿನ ದಂಡ ತೆರುವವನು ನೌಕರನೇ. ಯಜಮಾನನಿಗೆ ಒಬ್ಬ ಹೋದರೆ ಮತ್ತೊಬ್ಬ ಸಿಕ್ಕಾನು. ಹತ್ತು ವರ್ಷದ ಸೇವೆಯೆಂದು ಬರೆದುಕೊಂಡವನ ಬಳಿ ಮೊದಲ ವರ್ಷದ ವಿದ್ಯೆಯಷ್ಟೇ ಉಳಿದಿದ್ದರೆ ಅದನ್ನು ತುಂಬಿಕೊಡುವವರಾರು? ಬಡತಿ ಕೈತಪ್ಪಿದಾಗಲೋ ನೌಕರಿಯೇ ಹೋದಾಗಲೋ ಈ ಬರಿದುತನ ಒಮ್ಮೆಗೇ ಬಯಲಾಗುತ್ತದೆ.

ಬಾಗಿಲು ಮುಚ್ಚಿದಾಗ ಕುಳಿತಲ್ಲೇ ತಣ್ಣಗಾಗದೆ ಎದ್ದು ನಡೆದವರು ಕನ್ನಡನಾಡಿನಲ್ಲಿದ್ದಾರೆ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅಲ್ಲಿನ ಅತ್ಯುನ್ನತ ಪದವಿ ಭಾರತೀಯನಿಗೆ ದೊರೆಯದೆಂಬುದು ಸ್ಪಷ್ಟವಾದ ಮೇಲೆ, 1908ರಲ್ಲಿ ತಾವಾಗಿಯೇ ನಿವೃತ್ತಿ ಬಯಸಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. ಇಂದು ಮಂಡ್ಯದ ಗದ್ದೆಗಳಿಗೆ ನೀರುಣಿಸುವ ನಾಲೆ ಅವರ ಹೆಸರನ್ನು ಹೊತ್ತಿದೆ. ಮಾಸ್ತಿಯವರೂ ತಮಗಿಂತ ಕಿರಿಯರನ್ನು ಮೇಲಕ್ಕೇರಿಸಿದಾಗ ಸರ್ಕಾರಿ ಸೇವೆಯನ್ನು ತೊರೆದರು. ‘ಚಿಕವೀರ ರಾಜೇಂದ್ರ’ ಬಂದದ್ದು ಅನಂತರ.

ಆದರೆ ಸಾಲದ ಕಂತೂ ತಂಗಿಯ ಮದುವೆಯೂ ತಲೆಯ ಮೇಲಿರುವವನಿಗೆ ನಾಳೆಯೇ ಹೊರಡೆನ್ನುವುದು ವಿವೇಕವಲ್ಲ. ಅವನಿಗಿರುವ ದಾರಿ ನಿಧಾನದ್ದು. ಬೇಸರದ ಮೂಲ ಕೆಲಸವೋ, ಅಧಿಕಾರಿಯೋ, ದಣಿವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಬೇರೆ ಹೊಣೆಯನ್ನು ಬಾಯಿಬಿಟ್ಟು ಕೇಳಬೇಕು. ದಿನದ ಕೆಲಸದಲ್ಲಿ ಒಂದು ಭಾಗವನ್ನಾದರೂ, ಯಾರು ನೋಡಲಿ ಬಿಡಲಿ, ಕೊಪ್ಪರಿಗೆಯ ಮುಂದೆ ನಿಂತವನಂತೆ ಮಾಡಬೇಕು. ಕಡೆಗೆ ಹೊರಡಲೇಬೇಕಾಗಿ ಬಂದರೆ ಕೈಯಲ್ಲಿ ಉಳಿಯುವ ಬಂಡವಾಳ ಅದೊಂದೇ.

ಮನೆಯವರ ಪಾಲೂ ಇದರಲ್ಲಿದೆ. ರಾತ್ರಿ ದಣಿದು ಬಂದ ಮಗನನ್ನು ಸಂಬಳವಾಯಿತೆ ಎಂದು ಕೇಳುವ ತಂದೆತಾಯಿಗಳು, ಒಮ್ಮೊಮ್ಮೆ, ಇಂದು ಕೆಲಸ ಹೇಗಿತ್ತಪ್ಪ ಎಂದೂ ಕೇಳಬಹುದು. ಕಛೇರಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.