ಸಣ್ಣ ಗಂಟಿನ ಪ್ರವಾಸ

ಪ್ರವಾಸವೆಂಬುದು ಹಣವುಳ್ಳವರ ಹವ್ಯಾಸ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ದಿನಗಳಿಂದ ಬೇರೂರಿದೆ. ಆದರೆ ಗ್ರೀಸ್ ದೇಶವನ್ನು ನೋಡಹೋಗುವ ಎಷ್ಟೋ ಗಂಡಹೆಂಡಿರು ಬೆನ್ನಿಗೊಂದು ಚೀಲ ಏರಿಸಿ, ಅಥೆನ್ಸ್ ನಗರದಿಂದ ಪಿರೇಯಸ್ ಬಂದರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗಿನ ಅಟ್ಟದ ಮೇಲೆ ಕುಳಿತು ದ್ವೀಪದಿಂದ ದ್ವೀಪಕ್ಕೆ ಸಾಗುತ್ತಾರೆ. ನೆಲ ಇರುವತನಕ ರೈಲು, ಆಮೇಲೆ ದೋಣಿ. ಇಷ್ಟೇ ಅವರ ಲೆಕ್ಕ. ಈ ಲೆಕ್ಕ ನಮ್ಮ ತುಕ್ಕಾನಟ್ಟಿಗೂ ಹೊಂದುತ್ತದೆಂಬುದು ನಮಗೆ ತಿಳಿದದ್ದು ತಡವಾಗಿ.

ನನ್ನ ಹೆಂಡತಿ ಸಮುದ್ರವನ್ನು ಕಂಡವಳಲ್ಲ. ನೋಡಬೇಕೆಂಬ ಆಸೆ ಬಾಲ್ಯದಿಂದಲೂ ಇತ್ತು. ಆದರೆ 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಅವಳು ಅಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಏರುವುದನ್ನು ಮಾಳಿಗೆಯ ಮೇಲೆ ಕುಳಿತು ಇಡೀ ರಾತ್ರಿ ನೋಡಿದ್ದಳು. ಅಂದಿನಿಂದ ಹೊಳೆಯ ದಂಡೆಗೆ ಹೋಗುವುದನ್ನೇ ಬಿಟ್ಟಳು. ಗೋವೆಗೆ ಹೋಗೋಣವೆಂದಾಗ ಒಪ್ಪಿದಳು, ಒಂದು ಕರಾರಿನ ಮೇಲೆ: “ಸಮುದ್ರ ದೂರಿಂದ ನೋಡತೇನ್ರಿ. ದೋಣಿ ಮಾತ್ರ ಹತ್ತೂದಿಲ್ಲ.”

ಮಳೆಗಾಲ ಮುಗಿದ ಮೇಲೆ ಹೊರಟೆವು. ಇಬ್ಬರಿಗೂ ಕೂಡಿ ಒಂದೇ ಚೀಲ. ಅದರಲ್ಲಿ ಎರಡೆರಡು ಜೊತೆ ಬಟ್ಟೆ, ಒಂದು ಜಮಖಾನೆ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಬಾಟ್ಲಿ. ಖಡಕ್ ರೊಟ್ಟಿ ನಾಲ್ಕು ದಿನ ಕೆಡುವುದಿಲ್ಲ. ದಾರಿಯ ಊಟದ ಖರ್ಚು ಅಲ್ಲಿಗೇ ಅರ್ಧ ಇಳಿಯಿತು. ಘಟಪ್ರಭಾ ನಿಲ್ದಾಣದಲ್ಲಿ ಸಾಮಾನ್ಯ ದರ್ಜೆಯ ಟಿಕೆಟು ಕೊಂಡು ಲೋಂಡಾದ ಕಡೆಗೆ ಹೋಗುವ ಗಾಡಿ ಹತ್ತಿದೆವು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಲೋಂಡಾದಲ್ಲಿ ಮುಂದಿನ ಗಾಡಿ ಯಾವುದೆಂಬುದನ್ನು ಹೊರಡುವ ಮುಂಚೆಯೇ ನಿಲ್ದಾಣದಲ್ಲಿ ಕೇಳಿಕೊಳ್ಳುವುದು ಲೇಸು.

ಪಾಚ್ಛಾಪುರ, ಬೆಳಗಾವಿ ದಾಟಿ ಖಾನಾಪುರ ಬಂದಿತು. ಈ ಖಾನಾಪುರ ತಾಲೂಕಿನಲ್ಲಿ ನಿಸರ್ಗದ ಒಂದು ಚೋದ್ಯವಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ಭೀಮಗಡದ ಅಡವಿಯಲ್ಲಿ ಹುಟ್ಟಿದ ಮಹಾದಾಯಿ ಪಡುವಣಕ್ಕೆ ತಿರುಗಿ, ಗೋವೆಯಲ್ಲಿ ಮಾಂಡವಿ ಎಂಬ ಹೆಸರು ಪಡೆದು ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ನಮ್ಮ ಘಟಪ್ರಭೆಯೂ ಕೃಷ್ಣೆಯ ಕೂಡ ಬಂಗಾಳ ಕೊಲ್ಲಿಗೆ ಹೋಗುವವಳೇ. ಒಂದೇ ತಾಲೂಕಿನ ಎರಡು ಹನಿಗಳಿಗೆ ಎರಡು ಸಮುದ್ರ! ಲೋಂಡಾದಿಂದ ಮುಂದೆ ನಾವು ಮಹಾದಾಯಿಯ ಕಡೆಗೆ ಹೊರಳಿದೆವು.

ಕ್ಯಾಸಲ್ ರಾಕ್ ಘಟ್ಟದ ನೆತ್ತಿ. 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ಮುಂದಿನ ಹತ್ತು ವರ್ಷಗಳಲ್ಲಿ ಮುರಗಾಂವ ಬಂದರಿನಿಂದ ಈ ದಾರಿ ಘಟ್ಟವೇರಿ ಬಂದಿತು. ನಮ್ಮ ಹಿರಿಯರ ಕಾಲದಲ್ಲಿ ಇದೇ ಗಡಿಯ ನಿಲ್ದಾಣ. ಸುಂಕದವರು ಇಲ್ಲಿ ಗಂಟು ಬಿಚ್ಚಿಸಿ ನೋಡುತ್ತಿದ್ದರು. 1955ರಲ್ಲಿ ಗೋವೆಯ ರೈಲು ಸಂಪರ್ಕ ಕಡಿದುಹೋಯಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಬಳಿಕ ಗಡಿಯೇ ಉಳಿಯಲಿಲ್ಲ. ಇಲ್ಲಿಂದ ಕುಳೇಂವರೆಗೆ ಹಳಿ 37 ಅಡಿಗೆ ಒಂದಡಿಯಂತೆ ಇಳಿಯುತ್ತದೆ. ರೈಲಿನ ಮಟ್ಟಿಗೆ ಇದು ಬಹಳ ಕಡಿದಾದ ಇಳಿಜಾರು. ಆದ್ದರಿಂದಲೇ ಘಟ್ಟ ಏರುವ ಗಾಡಿಗಳನ್ನು ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಸುರಂಗಗಳ ಕತ್ತಲೆ ಕಳೆದು ಬೆಳಕಾದಾಗ 310 ಮೀಟರು ಎತ್ತರದಿಂದ ಬೀಳುವ ದೂಧಸಾಗರ ಕಾಣಿಸಿತು. ನಮ್ಮ ಗೋಕಾಕದ ಜಲಪಾತ 52 ಮೀಟರು. “ನಮ್ಮದು ಒಮ್ಮೆಲೆ ಜಿಗೀತೈತಿ, ಇದು ಬಂಡಿ ಹಿಡಕೊಂಡು ಇಳೀತೈತಿ” ಎಂದಳು ನನ್ನವಳು. ಜಲಪಾತ ನೋಡಲೆಂದು ಗಾಡಿಯಿಂದಿಳಿದು ಹಳಿಯ ಮೇಲೆ ನಡೆಯುವುದು ಅಪರಾಧ, ಅಪಾಯವೂ ಹೌದು. ಕಿಟಕಿಯಿಂದಲೇ ಕಣ್ಣು ತುಂಬುವಷ್ಟು ಕಾಣುತ್ತದೆ.

ಮಡಗಾವಿಗೆ ಮುಂಚೆ ಚಾಂದೋರ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅದೇ ಪ್ರಾಚೀನ ಚಂದ್ರಪುರ. ಗೋವೆಯ ಕದಂಬರು ಮೊದಲು ಆಳಿದ್ದು ಅಲ್ಲಿಂದ. ಖಾನಾಪುರ ತಾಲೂಕಿನ ಹಲಸಿಯೂ ಅವರ ಆಳ್ವಿಕೆಗೆ ಸೇರಿತ್ತು. ಗೋವೆಯ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ‘ಕದಂಬ’ ಎಂಬ ಹೆಸರಿದೆ.

ರಾತ್ರಿ ಮಡಗಾವಿಯ ಸಾಧಾರಣ ಲಾಡ್ಜಿನಲ್ಲಿ ತಂಗಿ, ಬೆಳಗ್ಗೆ ಕೊಂಕಣ ರೈಲುದಾರಿಯ ಪ್ಯಾಸೆಂಜರ್ ಗಾಡಿಯಲ್ಲಿ ಕರ್ಮಳಿಗೆ ಹೋದೆವು. ಹಳೆ ಗೋವೆಯ ದೊಡ್ಡ ಇಗರ್ಜಿಗಳನ್ನು ನೋಡಲು ಇಳಿಯಬೇಕಾದ ನಿಲ್ದಾಣವದು. ಇಗರ್ಜಿಗಳನ್ನು ನೋಡಿ, ವೈಸರಾಯ್ ಕಮಾನಿನ ಕೆಳಗೆ ಹಾದು ಹೋದರೆ ಮಾಂಡವಿಯ ಕಡವು. ಎದುರಿಗೆ ದೀವರ ದ್ವೀಪ. ಇಲ್ಲಿ ನೆಲದ ದಾರಿ ಮುಗಿಯಿತು. ಫೆರಿ ಎಂದರೆ ಚಪ್ಪಟೆ ತಳದ, ಅಗಲವಾದ ಕಬ್ಬಿಣದ ದೋಣಿ. ಮುಂದಿನ ಹಲಗೆಯನ್ನು ದಂಡೆಯ ಇಳಿಜಾರಿಗೆ ಇಳಿಬಿಟ್ಟರೆ ಜನ, ಸೈಕಲ್ಲು, ಮೋಟಾರು ಎಲ್ಲವೂ ನೇರ ಒಳಕ್ಕೆ. ನಾವು ದಾಟಿದ ಕಡವುಗಳಲ್ಲಿ ನಡೆದು ಬಂದವರಿಂದ ಕಾಸು ಕೇಳಲಿಲ್ಲ.

ನನ್ನವಳು ದಂಡೆಯಲ್ಲೇ ನಿಂತಳು. ನಾನು ಒತ್ತಾಯ ಮಾಡಲಿಲ್ಲ. ಒಂದು ಫೆರಿ ಹೋಯಿತು, ಇನ್ನೊಂದು ಬಂದಿತು. ಅಷ್ಟರಲ್ಲಿ ಅವಳು ನೀರಿನತ್ತ ಬೆರಳು ಮಾಡಿ, “ಸಮುದ್ರ ಆ ಕಡೆ ಅಂದ್ರಿ. ನೀರು ಎದಕ ಈ ಕಡೆ ಹೊಂಟಾವ್ರಿ?” ಎಂದು ಕೇಳಿದಳು. ತೇಲುವ ಕಸಕಡ್ಡಿ ನಿಜಕ್ಕೂ ಮೂಡಣಕ್ಕೆ ಸಾಗಿತ್ತು! ಸಮುದ್ರದಲ್ಲಿ ಉಬ್ಬರ ಬಂದಾಗ ಉಪ್ಪುನೀರು ನದಿಯೊಳಗೆ ಹತ್ತಾರು ಮೈಲು ನುಗ್ಗುತ್ತದೆ. ಸುಮಾರು ಆರು ತಾಸಿಗೆ ಇಳಿತವಾಗಿ ಮರಳುತ್ತದೆ. ದಿನಕ್ಕೆರಡು ಸಲ ಹೀಗೆ. ಚಂದ್ರ, ಸೂರ್ಯರ ಸೆಳೆತವೇ ಇದಕ್ಕೆ ಕಾರಣ. “ಹಂಗಾರ ಇದು ಹೇಳಿ ಬರೂ ನೀರು” ಎಂದಳು ಅವಳು. ಘಟಪ್ರಭೆ ಆ ರಾತ್ರಿ ಹೇಳದೆ ಬಂದಿತ್ತು.

ಆಗ ಬುತ್ತಿಯ ಡಬ್ಬಿ ಹಿಡಿದ ಹೆಣ್ಣುಮಗಳೊಬ್ಬಳು ನಮ್ಮ ಮಾತು ಕೇಳಿ ನಿಂತಳು. ವಿಜಯಪುರದ ಕಡೆಯಿಂದ ದುಡಿಯಲು ಬಂದವಳು. “ಬರ್ರಿ ಅಕ್ಕಾ, ನಾ ದಿನಾ ದಾಟತೇನಿ” ಎಂದು ಕೈ ಹಿಡಿದಳು. ಹಲಗೆಯ ಮೇಲೆ ನನ್ನವಳ ಕಾಲು ಒಮ್ಮೆ ತಡೆಯಿತು, ಆಮೇಲೆ ನಡೆಯಿತು. ಕೆಲವೇ ನಿಮಿಷಗಳ ದಾರಿ. ಆಚೆ ದಡ ಬರುವವರೆಗೂ ಅವಳು ಆ ಕೈ ಬಿಡಲಿಲ್ಲ.

ದ್ವೀಪದ ಮತ್ತೊಂದು ಬದಿಯ ಕಡವಿನಿಂದ ನಾರ್ವೆಗೆ ಇನ್ನೊಂದು ಫೆರಿ. ಅಲ್ಲಿರುವುದು ಕದಂಬರ ಕುಲದೇವರಾದ ಸಪ್ತಕೋಟೀಶ್ವರನ ಗುಡಿ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ದೀವರದ ಗುಡಿಯನ್ನು ಕೆಡವಿದಾಗ ದೇವರು ಹೊಳೆ ದಾಟಿ ಈ ದಂಡೆಗೆ ಬಂದ. 1668ರಲ್ಲಿ ಶಿವಾಜಿ ಮಹಾರಾಜರು ಗುಡಿಯ ಜೀರ್ಣೋದ್ಧಾರ ಮಾಡಿಸಿದರು. “ದೇವರೂ ದೋಣಿ ಹತ್ತ್ಯಾನ” ಎಂದು ನಕ್ಕಳು ಇವಳು. ಈ ಸಲ ಕೈ ಹಿಡಿಯಲು ಯಾರೂ ಬೇಕಾಗಿರಲಿಲ್ಲ.

ಸಂಜೆ ಪಣಜಿಗೆ ಬಂದು, ಮಾಂಡವಿ ಕಡಲನ್ನು ಸೇರುವ ಮಿರಾಮಾರ್ ದಂಡೆಯ ಮೇಲೆ ಕುಳಿತು ಉಳಿದ ರೊಟ್ಟಿ ತಿಂದೆವು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ಮೂರು ದಿನಕ್ಕೆ ಇಬ್ಬರಿಗೂ ಕೂಡಿ ನಾಲ್ಕು ಸಾವಿರ ರೂಪಾಯಿ ದಾಟಲಿಲ್ಲ. ಅದರಲ್ಲಿ ಹೆಚ್ಚಿನದು ಲಾಡ್ಜಿಗೆ ಹೋಯಿತು. ಗಂಟು ಸಣ್ಣದಿದ್ದರೆ ರೈಲಿನಿಂದ ದೋಣಿಗೆ, ದೋಣಿಯಿಂದ ದಂಡೆಗೆ ಇಳಿಯುವುದು ಸುಲಭ. ಇದ್ದವರ ಕೂಡ ನಾಲ್ಕು ಮಾತಾಡುವುದೂ ಸುಲಭ.

ಊರಿಗೆ ಮರಳಿದ ಮರುವಾರ ಅವಳು ಅಕ್ಕನ ಮನೆಗೆಂದು ಗೋಕಾಕಕ್ಕೆ ಹೋದಳು. ಬರುವಾಗ ಹೊಳೆಯ ದಂಡೆಗೆ ಹೋಗಿ ಬಂದೆನೆಂದು ಹೇಳಿದಳು. ನಾನು ಹೆಚ್ಚೇನೂ ಕೇಳಲಿಲ್ಲ.